ಮಣೆಯೊಳಗಿನ ನೀರು

ಯಾವ ವಸ್ತು ಕೈಗೆ ಬಂದರೂ ಆಮ್ನಾ ಈಗ ಮೊದಲು ಅದನ್ನು ಮಗುಚಿ ನೋಡುತ್ತಾಳೆ. ಚಹಾದ ಲೋಟ, ಬಾಚಣಿಗೆ, ಮದುವೆ ಮನೆಯಲ್ಲಿ ಊಟದ ತಟ್ಟೆ. ಬೆನ್ನು ನೋಡಿ, ಎಲ್ಲಿ ಹುಟ್ಟಿದ್ದು, ಯಾವುದರಿಂದ ಹುಟ್ಟಿದ್ದು, ಎಷ್ಟು ದೂರ ಬಂದದ್ದು ಎಂದು ಮನಸ್ಸಿನಲ್ಲೇ ಕೂಡಿಸುತ್ತಾಳೆ. ಒಮ್ಮೆ ಅವಳನ್ನು ನೋಡಲು ಬಂದ ಹುಡುಗನ ಕಡೆಯವರು ತಂದ ಖರ್ಜೂರದ ಡಬ್ಬಿಯನ್ನು ಅವರ ಎದುರೇ ಮಗುಚಿದಳು. “ರೇಟು ನೋಡುದಾ ಮಗಳೇ?” ಎಂದು ಅವರಲ್ಲೊಬ್ಬ ಹಿರಿಯ ಹೆಂಗಸು ಕೇಳಿದರು. ಅವಳ ಉಮ್ಮ ಮುಮ್ತಾಝ್ ಅಡುಗೆಮನೆಗೆ ಹೋದವರು ನೆಂಟರ ಕಾರು ಓಣಿ ದಾಟುವವರೆಗೆ ಹೊರಗೆ ಬರಲಿಲ್ಲ.

ಇದು ಹುಟ್ಟುಗುಣವಲ್ಲ. ತರಕಾರಿ ಹೆಚ್ಚುವ ಒಂದು ಮಣೆಯಿಂದ ಅಂಟಿಕೊಂಡದ್ದು.

ಕೂಳೂರು ಸೇತುವೆ ಸಿಗುವ ಮೊದಲು ಹೆದ್ದಾರಿಯಿಂದ ನದಿಯ ಕಡೆಗೆ ಒಂದು ಓಣಿ ಇಳಿಯುತ್ತದೆ. ಅದರ ಕೊನೆಯಲ್ಲಿ ಅವಳ ತಂದೆ ಉಮರಬ್ಬರ ಮರದ ಕಾರ್ಖಾನೆ. ಪಕ್ಕದಲ್ಲೇ ಮನೆ. ಅಜ್ಜನ ಕಾಲದಲ್ಲಿ ಅಲ್ಲಿ ಬಂದರಿಗೆ ಮೀನಿನ ಪೆಟ್ಟಿಗೆ ಹೊಡೆಯುತ್ತಿದ್ದರು. ಪ್ಲಾಸ್ಟಿಕ್ ಕ್ರೇಟು ಬಂದು ಆ ಕೆಲಸ ನಿಂತ ಮೇಲೆ ಉಮರಬ್ಬ ರಬ್ಬರ್ ಮರ ಹಿಡಿದರು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಹಾಲು ಬತ್ತಿದ ಮರಗಳು ಲಾರಿಯಲ್ಲಿ ಬರುತ್ತವೆ. ಅವನ್ನು ಸೀಳಿ, ಹುಳ ಹಿಡಿಯದಂತೆ ಮದ್ದಿನ ನೀರಿನಲ್ಲಿ ಅದ್ದಿ, ಬಿಸಿ ಕೋಣೆಯಲ್ಲಿ ಒಣಗಿಸಿ, ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಉಜ್ಜಿ, ಎಣ್ಣೆ ಹಚ್ಚಿದರೆ ಅಡುಗೆಮನೆಯ ಮಣೆಯಾಗುತ್ತದೆ. ಬೆಣ್ಣೆಯ ಬಣ್ಣದ, ಅಂಗೈಗೆ ತಣ್ಣಗೆ ತಾಗುವ ಮಣೆ. ಹೆಚ್ಚಿನವು ನೆದರ್‌ಲ್ಯಾಂಡ್ಸ್‌ನ ಒಂದು ಅಂಗಡಿ ಕಂಪನಿಗೆ ಹೋಗುತ್ತಿದ್ದವು, ಉಳಿದವು ಕಂಕನಾಡಿಯ ಪಾತ್ರೆ ಅಂಗಡಿಗಳಿಗೆ.

ಕೆಮಿಸ್ಟ್ರಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಆಮ್ನಾ, ಕಾರ್ಖಾನೆಯ ಲೆಕ್ಕ ಬರೆಯುವ ಹಳೆಯ ರೈಟರು ಕಣ್ಣಿನ ಆಪರೇಷನ್ನಿಗೆ ಹೋದಾಗ ಒಂದು ತಿಂಗಳ ಮಟ್ಟಿಗೆಂದು ಆಫೀಸಿಗೆ ಬಂದಳು. ರೈಟರು ಮರಳಿ ಬರಲಿಲ್ಲ. ಅವಳು ಹೋಗಲಿಲ್ಲ. ಮಧ್ಯಾಹ್ನ ಮಾಡಿನ ಗಾಜಿನ ಹಂಚಿನಿಂದ ಬಿಸಿಲು ಇಳಿದು, ತೇಲುವ ಮರದ ಹುಡಿಯಲ್ಲಿ ಸಿಕ್ಕಿಕೊಂಡು, ಶೆಡ್ಡಿನ ನಡುವೆ ಒಂದು ಕಂಬದ ಹಾಗೆ ನಿಲ್ಲುತ್ತಿತ್ತು. ಅದರ ಪಕ್ಕದಲ್ಲಿ ಹಾದುಹೋಗುವಾಗ ಅವಳು ಕೈ ಒಳಗೆ ಹಾಕಿ ತೆಗೆಯುತ್ತಿದ್ದಳು. ಈ ಜಾಗವನ್ನು ಬಿಟ್ಟು ತನಗೆ ಬೇರೆ ಕಡೆ ಇರಲು ಆಗುವುದಿಲ್ಲ ಎಂದು ಅವಳಿಗೆ ಗೊತ್ತಾದದ್ದು ಹಾಗೆಯೇ, ಯಾರೂ ಕೇಳದೆ, ಅವಳೂ ಯಾರಿಗೂ ಹೇಳದೆ.

ಬೆಳಿಗ್ಗೆ ಬಂದವಳು ಮೊದಲು ಹಿಂದಿನ ಗೋಡೆಯ ಬಳಿಗೆ ಹೋಗಿ ಅಲ್ಲಿಯ ಸ್ವಿಚ್ಚು ಹಾಕುವಳು. ಅದು ಶಾಲೆಗೆ ಹೋಗುವ ಕಾಲದಿಂದ ಅವಳ ಪಾಲಿನ ಕೆಲಸ. ಅನಂತರ ಆಫೀಸಿನ ಬೀಗ ತೆಗೆಯುವಳು.

ನೆದರ್‌ಲ್ಯಾಂಡ್ಸ್‌ನ ಕಂಪನಿಯಿಂದ ಆ ಮೇಲ್ ಬಂದಾಗ ಮಳೆ ಆಗಷ್ಟೇ ನಿಂತಿತ್ತು. ಮುಂದಿನ ವರ್ಷದಿಂದ ಅವರ ಅಂಗಡಿಯ ಪ್ರತಿ ವಸ್ತುವಿನ ಬೆನ್ನಿನಲ್ಲೂ ಒಂದು ಅಂಕೆ ಇರಬೇಕು. ಮರ ಕಡಿದಲ್ಲಿಂದ ಹಿಡಿದು ಅಂಗಡಿಯ ಬಾಗಿಲು ಮುಟ್ಟುವವರೆಗೆ ಆ ಒಂದು ವಸ್ತುವಿಗಾಗಿ ಗಾಳಿಗೆ ಎಷ್ಟು ಇಂಗಾಲ ಸೇರಿತು ಎಂಬ ಅಂಕೆ. ಈ ಅಳತೆಯ ಮಣೆಗೆ ಅದು ಒಂದು ಕಿಲೋ ದಾಟಬಾರದು. ದಾಟಿದರೆ ಆ ಮಣೆ ಬೇಡ.

ಉಮರಬ್ಬ ಅದನ್ನು ಮಗಳ ಬಾಯಿಂದ ಎರಡು ಸಲ ಕೇಳಿದರು.

“ಮಣೆಯ ತೂಕವೇ ಒಂದೂವರೆ ಕಿಲೋ ಉಂಟು. ಅದರ ಹೊಗೆ ಒಂದು ಕಿಲೋ?”

“ಹೊಗೆ ಅಂದ್ರೆ ಕಾಣುವ ಹೊಗೆ ಅಲ್ಲ ಉಪ್ಪ. ಲಾರಿಯ ಡೀಸೆಲ್, ನಮ್ಮ ಕರೆಂಟು, ಅಂಟು, ಹಡಗು, ಎಲ್ಲ ಸೇರಿಸಿ ಒಂದೊಂದು ಮಣೆಗೆ ಪಾಲು ಮಾಡುದು.”

“ಪಾಲು ಮಾಡಿ?”

“ಬೆನ್ನಿನಲ್ಲಿ ಬರೆಯುದು.”

ಉಮರಬ್ಬ ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಅವರು ಜೋರಾಗಿ ಮಾತಾಡುವವರಲ್ಲ. “ನೋಡು, ನನಗೆ ಇದು ಗೊತ್ತಾಗುದಿಲ್ಲ. ಶೆಡ್ಡಿಗೆ ಕೊರಿಯರಿನವರು ಎರಡು ಸಲ ಬಂದು ಕೇಳಿ ಹೋಗಿದ್ದಾರೆ. ಈ ಆರ್ಡರ್ ಉಳಿದ್ರೆ ಕಾರ್ಖಾನೆ ನೀನು ನಡೆಸು, ನಾನು ಬಾಯಿ ಹಾಕುದಿಲ್ಲ. ಹೋದ್ರೆ ಜೂನ್‌ನಿಂದ ಅವರಿಗೆ ಬಾಡಿಗೆಗೆ ಕೊಡುದು. ಬರೀ ಕಂಕನಾಡಿಯ ಅಂಗಡಿ ನೆಚ್ಚಿಕೊಂಡು ಇಷ್ಟು ಜನರನ್ನು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ.”

ಅವರು ಕೋಪದಿಂದ ಹೇಳಿದ್ದರೆ ಅವಳಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹಾಗೆ ಲೆಕ್ಕ ಸುರುವಾಯಿತು. ಮಣೆ ಎಂಬ ಸರಳ ವಸ್ತು ಎಷ್ಟು ಕಡೆ ಬೇರು ಬಿಟ್ಟಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಒಂದೊಂದು ಬೇರನ್ನು ಎಳೆದರೂ ಆ ತುದಿಯಲ್ಲಿ ಒಬ್ಬ ಮನುಷ್ಯ ತಲೆ ಕೆರೆದುಕೊಂಡು ನಿಂತಿದ್ದ.

“ಪುತ್ತೂರಿನಿಂದ ಬರುವಾಗ ಎಷ್ಟು ಡೀಸೆಲ್ ಬೇಕು?” ಎಂದು ಲಾರಿ ಡ್ರೈವರನ್ನು ಕೇಳಿದಳು.

“ಯಾವಾಗ? ಚಾ ಕುಡಿದು ಬರುವಾಗಲಾ, ಕುಡಿಯದೆ ಬರುವಾಗಲಾ?”

“ಚಾಕ್ಕೂ ಡೀಸೆಲ್ಲಿಗೂ ಎಂತ ಸಂಬಂಧ?”

“ಚಾ ಕುಡಿಯುವ ಹೋಟೆಲಿಗೆ ಸುತ್ತು ದಾರಿ ಅಕ್ಕ.”

ಅಂಟಿನ ಕಂಪನಿಗೆ ಮೂರು ಮೇಲ್ ಬರೆದಳು. ಅವರ ಅಂಟಿನಲ್ಲಿ ಎಂತೆಂತದ್ದಿದೆ ಎಂಬುದು ಗುಟ್ಟು ಎಂದು ಒಂದು ಉತ್ತರ ಬಂತು, ಅದರ ಹಿಂದೆಯೇ ದೀಪಾವಳಿಯ ಶುಭಾಶಯ ಬಂತು. ಮರದ ವಯಸ್ಸು ಎಷ್ಟೆಂದು ತೋಟದವರಿಗೆ ಫೋನ್ ಮಾಡಿದರೆ, “ಮಾರುವ ವಯಸ್ಸು” ಎಂದರು. ಕಂಪನಿ ಕಳಿಸಿದ ಕಂಪ್ಯೂಟರ್ ಹಾಳೆಯಲ್ಲಿ ಹಿಮ ಬೀಳುವ ಕಾಡೋ ಬೀಳದ ಕಾಡೋ ಎಂದು ಕೇಳುವ ಒಂದು ಚೌಕವಿತ್ತು. ಅದನ್ನು ತುಂಬದೆ ಮುಂದಿನ ಚೌಕ ತೆರೆಯುತ್ತಲೇ ಇರಲಿಲ್ಲ.

ದುಬೈಯಲ್ಲಿ ಹಡಗಿನ ಸರಕಿನ ಕಂಪನಿಯಲ್ಲಿರುವ ಅಣ್ಣ ಅರ್ಶದ್, ಅವಳ ಬಾಯಲ್ಲಿ ‘ಕಾಕ’, ಫೋನಿನಲ್ಲಿ ನಕ್ಕ.

“ಇಂಟರ್ನೆಟ್ಟಲ್ಲಿ ಸರಾಸರಿ ಸಿಗ್ತದೆ ಮಾರಾಯ್ತಿ. ಮರದ ಮಣೆ, ಏಷ್ಯಾ, ಇಷ್ಟು. ಅದನ್ನೇ ಹಾಕಿ ಕಳಿಸು. ಇಲ್ಲಿ ಎಲ್ಲರೂ ಮಾಡುದು ಅದೇ.”

“ಅದು ಯಾರ ಮಣೆ ಕಾಕ?”

“ಯಾರದ್ದೂ ಅಲ್ಲ. ಅದೇ ಅದರ ಗುಣ. ಯಾರದ್ದೂ ಅಲ್ಲದ ಮಣೆಯಲ್ಲಿ ತಪ್ಪು ಹುಡುಕ್ಲಿಕ್ಕೆ ಯಾರೂ ಬರುದಿಲ್ಲ.”

ಆಮ್ನಾ ಫೋನಿಟ್ಟಳು. ಸರಾಸರಿ ಹಾಕುವುದಾದರೆ ತಾನು ಈ ಕುರ್ಚಿಯಲ್ಲಿ ಯಾಕೆ ಬೇಕು? ಬಿಸಿ ಕೋಣೆಗೆ ಅವರು ಸೌದೆ ತರುವುದಿಲ್ಲ, ತಮ್ಮದೇ ಹುಡಿ ಮತ್ತು ಚಕ್ಕೆ ಉರಿಸುತ್ತಾರೆ. ಅದೆಲ್ಲ ಸರಾಸರಿಗೆ ಗೊತ್ತಿಲ್ಲ. ತನ್ನ ಮಣೆಗೆ ತನ್ನದೇ ಅಂಕೆ ಇರಲಿ ಎಂಬ ಒಂದು ಹಟ ಅವಳಲ್ಲಿ ಹುಟ್ಟಿತು. ನಿಜವಾದ ಅಂಕೆ ಸರಾಸರಿಗಿಂತ ಒಳ್ಳೆಯದೇ ಇರುತ್ತದೆ ಎಂಬ ಧೈರ್ಯವೂ ಇತ್ತು.

ಫೆಬ್ರವರಿ ಕಳೆಯುವಷ್ಟರಲ್ಲಿ ಉಳಿದದ್ದು ಕರೆಂಟು ಮಾತ್ರ. ಇಡೀ ಕಾರ್ಖಾನೆಗೆ ಮೀಟರು ಒಂದೇ. ತಂತಿಯನ್ನು ಕಚ್ಚಿ ಹಿಡಿಯುವ ಒಂದು ಅಳತೆಯ ಇಕ್ಕಳ ತರಿಸಿ, ಒಂದೊಂದು ಮೆಷಿನಿನ ಬಳಿಯೂ ನಿಂತು, ಅದು ಎಷ್ಟು ಎಳೆಯುತ್ತದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಬರೆದುಕೊಂಡಳು. ಯಂತ್ರಗಳ ಮೇಸ್ತ್ರಿ ಶೀನಪ್ಪ, ವಾಮಂಜೂರಿನಿಂದ ಮೊದಲ ಬಸ್ಸಿಗೆ ಬರುವವರು, ಅಜ್ಜನ ಕಾಲದಿಂದ ಇದ್ದವರು, ಅವಳ ಹಿಂದೆಯೇ ತಿರುಗಿದರು.

“ಮೆಷಿನಿಗೆ ಬಿ.ಪಿ. ನೋಡುದಾ ಆಮ್ನಕ್ಕ?”

“ಹೌದು ಶೀನಪ್ಪಣ್ಣ. ಉಪ್ಪು ಕಡಿಮೆ ಮಾಡ್ಲಿಕ್ಕೆ ಹೇಳಿ.”

“ನನ್ನದೂ ಒಂದು ನೋಡಿ. ಇದು ಮುಗಿಯುವಾಗ ನನಗೂ ಬರ್ಲಿಕ್ಕುಂಟು.”

ಎಲ್ಲ ಮೆಷಿನುಗಳನ್ನು, ಫ್ಯಾನುಗಳನ್ನು, ದೀಪಗಳನ್ನು, ಆಫೀಸಿನ ಕಂಪ್ಯೂಟರನ್ನು ಕೂಡಿಸಿದಳು. ಬಿಲ್ಲಿನ ಯೂನಿಟ್ಟಿಗೂ ಅವಳ ಮೊತ್ತಕ್ಕೂ ಹೊಂದಲಿಲ್ಲ. ಎಂಟರಲ್ಲಿ ಒಂದು ಪಾಲು ಕರೆಂಟು ಎಲ್ಲಿಗೆ ಹೋಯಿತೆಂದು ಗೊತ್ತಾಗಲಿಲ್ಲ. ಆ ಪಾಲೂ ಮಣೆಗಳ ತಲೆಗೇ ಬೀಳುವುದರಿಂದ ಒಂದು ಮಣೆಯ ಅಂಕೆ ಒಂದು ಕಿಲೋ ದಾಟಿ ನಲವತ್ತು ಗ್ರಾಂ ಹೆಚ್ಚು ಬಂತು. ಆ ಪಾಲು ಇಲ್ಲದಿದ್ದರೆ ಒಂದು ಕಿಲೋದ ಒಳಗೇ ನಿಲ್ಲುತ್ತಿತ್ತು.

ನಲವತ್ತು ಗ್ರಾಂ. ಒಂದು ಹಿಡಿ ಅವಲಕ್ಕಿಯ ತೂಕ.

ಅಲ್ಲಿಂದ ಅವಳ ನಿದ್ದೆ ಕೆಟ್ಟಿತು, ಬಾಯಿಯೂ ಕೆಟ್ಟಿತು. ಕೆಲಸದವರು ಮೊಬೈಲ್ ಚಾರ್ಜಿಗೆ ಇಟ್ಟರೆ ಸಿಡುಕಿದಳು. ಹಗಲಲ್ಲಿ ದೀಪ ಉರಿದರೆ ಓಡಿಹೋಗಿ ಆರಿಸಿದಳು. ಮಣೆ ಉಜ್ಜುವ ಸ್ಯಾಂಡಿಂಗ್ ಮೆಷಿನಿನ ಹೆಂಗಸರು ಅವಳು ಬರುವುದು ಕಂಡರೆ ಫ್ಯಾನು ನಿಲ್ಲಿಸಿ, ಅವಳು ಹೋದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರು. ಮೀಟರೇ ಸುಳ್ಳು ಎಂದು ಅರ್ಜಿ ಕೊಟ್ಟಳು. ವಿದ್ಯುತ್ ಇಲಾಖೆಯವರು ಬಂದು ತಮ್ಮ ಪೆಟ್ಟಿಗೆ ಜೋಡಿಸಿ ಪರೀಕ್ಷೆ ಮಾಡಿದರು. ಮೀಟರು ಸರಿಯಾಗಿತ್ತು.

“ಮೇಡಂ, ಮೀಟರಿಗೆ ಸುಳ್ಳು ಹೇಳಿ ಎಂತ ಲಾಭ?” ಎಂದು ಅವರಲ್ಲೊಬ್ಬ ಕೇಳಿ, ಚಹಾ ಕುಡಿದು ಹೋದ.

ಊಟಕ್ಕೆ ಕುಳಿತಾಗಲೂ ಅವಳ ಕಣ್ಣು ತಟ್ಟೆಯಲ್ಲಿರಲಿಲ್ಲ. “ಗಂಜಿಗೆ ಎಷ್ಟು ಗ್ರಾಂ ಬಂತು?” ಎಂದರು ಉಮ್ಮ. ಆಮ್ನಾ ನಗಲಿಲ್ಲ. ಉಮ್ಮ ಮೀನಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ದೂಡಿದರು.

ಮಾರ್ಚಿನ ಒಂದು ಭಾನುವಾರ, ಕಾರ್ಖಾನೆಗೆ ರಜೆ ಇದ್ದ ದಿನ, ಅವಳು ಒಬ್ಬಳೇ ಬಂದಳು. ಇವತ್ತು ಒಂದೂ ಮೆಷಿನು ಓಡುವುದಿಲ್ಲ, ಮೀಟರು ಏನು ಹೇಳುತ್ತದೆ ನೋಡೋಣ ಎಂಬುದು ಅವಳ ಯೋಚನೆ. ದೀಪ, ಫ್ಯಾನು, ಕಂಪ್ಯೂಟರು ಎಲ್ಲ ಆರಿಸಿ ಮೀಟರಿನ ಎದುರು ನಿಂತಳು. ಖಾಲಿ ಶೆಡ್ಡಿನಲ್ಲಿ ಬಿಸಿಲಿನ ಕಂಬ ಮಾತ್ರ ಇತ್ತು. ಮೀಟರಿನ ಸಣ್ಣ ಕೆಂಪು ದೀಪ ಮಿನುಗುತ್ತಲೇ ಇತ್ತು. ಯಾರೋ ಕರೆಂಟು ಕುಡಿಯುತ್ತಿದ್ದಾರೆ. ಅವಳ ಕೆನ್ನೆ ಬಿಸಿಯಾಯಿತು. ಕಳ್ಳ ಸಿಕ್ಕಿದ ಹಾಗೆ, ಅವನ ಬೆನ್ನು ಕಂಡ ಹಾಗೆ.

ಆಗ ಹಿಂದಿನ ಗೋಡೆಯ ಆಚೆಯಿಂದ, ಓಣಿಯ ನೆರೆಮನೆಯ ಡುಲ್ಸಿನ್ ಬಾಯಿಯ ಸ್ವರ ಬಂತು.

“ಆಮ್ನಾ, ಇದ್ದೀಯಾ? ನೀರು ತುಂಬ ಸಪೂರ ಬರ್ತಾ ಉಂಟಲ್ಲ. ಸ್ವಿಚ್ಚು ಸರಿ ಹಾಕಿದ್ದೀಯಾ?”

ಆಮ್ನಾ ಅಲ್ಲೇ ನಿಂತಳು. ಹಾಕಿದ್ದಳು. ಬೆಳಿಗ್ಗೆ ಬಂದವಳೇ, ಎಂದಿನ ಹಾಗೆ, ತನ್ನ ಕೈಯಿಂದಲೇ.

ಆ ಓಣಿಯಲ್ಲಿ ಫೆಬ್ರವರಿಯ ನಂತರ ಬಾವಿಗಳೆಲ್ಲ ಉಪ್ಪಾಗುತ್ತವೆ. ಹೊಳೆಯ ಹರಿವು ಸೊರಗಿದಾಗ ಉಬ್ಬರದ ಸಮುದ್ರ ಕೂಳೂರು ದಾಟಿ ಮೇಲೆ ಬರುತ್ತದೆ, ನೆಲದೊಳಗೂ ಬರುತ್ತದೆ. ಕಾರ್ಖಾನೆಯ ಹಿಂದಿನ ಬಾವಿ ಮಾತ್ರ ಸಿಹಿಯಾಗಿ ಉಳಿಯುತ್ತದೆ. ಅಜ್ಜ ಗೋಡೆಗೆ ತೂತು ಕೊರೆಸಿ, ಓಣಿಯ ಕಡೆಗೆ ಪೈಪು ಹಾಯಿಸಿ, ನಾಲ್ಕು ನಳ್ಳಿ ಇಡಿಸಿದ್ದರು. ಬಾವಿಯ ಪಂಪಿಗೆ ಕಾರ್ಖಾನೆಯ ಲೈನಿನಿಂದಲೇ ತಂತಿ ಎಳೆದದ್ದು. ಬೇಸಿಗೆಯಲ್ಲಿ ಅದು ಹೆಚ್ಚುಕಡಿಮೆ ಇಡೀ ದಿನ ಓಡುತ್ತದೆ, ಮಳೆಗಾಲದಲ್ಲೂ ಸ್ವಲ್ಪ ಹೊತ್ತು. ಮತ್ತು ಮನೆಯಲ್ಲಿ ಅದರ ಮಾತು ಇಲ್ಲ. “ನೀರು ಕೊಟ್ಟದ್ದನ್ನು ಬಾಯಿಂದ ಹೇಳಬಾರದು, ಬಾವಿ ಕೇಳಿಸಿಕೊಳ್ಳುತ್ತದೆ” ಎಂದು ಅಜ್ಜ ಹೇಳುತ್ತಿದ್ದರಂತೆ. ಅದಕ್ಕೇ ಮನೆಯವರು ಅದನ್ನು ಪಂಪು ಎಂದೂ ಕರೆಯುವುದಿಲ್ಲ. “ಹಿಂದಿನ ಸ್ವಿಚ್ಚು” ಎನ್ನುತ್ತಾರೆ, ಅಷ್ಟೇ. ಹೇಳದೆ ಹೇಳದೆ ಅವಳಿಗೆ ಅದು ಕಾಣುವುದೇ ನಿಂತುಹೋಗಿತ್ತು. ಅಳತೆಯ ಇಕ್ಕಳ ಹಿಡಿದು ಇಡೀ ಕಾರ್ಖಾನೆ ಸುತ್ತಿದವಳು ಆ ಒಂದು ತಂತಿಯ ಪಕ್ಕದಲ್ಲಿ ದಿನವೂ ಹಾದುಹೋಗಿದ್ದಳು.

ಮರುದಿನ ಶೀನಪ್ಪರಿಗೆ ಹೇಳಿದಾಗ ಅವರು ಹಣೆ ಬಡಿದುಕೊಂಡರು. “ನನಗೂ ಹೊಳೆಯಲಿಲ್ಲ ನೋಡಿ. ಅದು ಮೆಷಿನ್ ಅಂತಲೇ ತೋರುದಿಲ್ಲ.”

ಆದರೂ ಆ ಸೋಮವಾರ ಆಮ್ನಾಳಿಗೆ ಹಬ್ಬದ ಹಾಗಿತ್ತು. ಕಳೆದುಹೋದ ಪಾಲು ಸಿಕ್ಕಿತು. ಅದು ಮಣೆಯದ್ದಲ್ಲ, ನೀರಿನದ್ದು. ಕಳೆದುಬಿಟ್ಟರೆ ಮುಗಿಯಿತು. ಕಂಪನಿಯ ಪರವಾಗಿ ಈ ಲೆಕ್ಕಗಳನ್ನು ಪರಿಶೀಲಿಸುವ ಎಸ್ತೆರ್ ಎಂಬವಳ ಜೊತೆ ಸಂಜೆ ವೀಡಿಯೊದಲ್ಲಿ ಮಾತಾಡಿದಳು. ಎಸ್ತೆರ್‌ಳ ಹಿಂದೆ ಕಿಟಕಿಯಲ್ಲಿ ಬೂದು ಆಕಾಶ. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಕೇಳಿದಳು.

ಕಳೆಯಬಹುದು, ಎಂದಳು ಎಸ್ತೆರ್ ಇಂಗ್ಲಿಷಿನಲ್ಲಿ. ಆದರೆ ಆ ಕರೆಂಟು ಮಣೆಗೆ ಹೋಗಿಲ್ಲ ಎಂದು ತೋರಿಸಬೇಕು. ನೀರನ್ನು ಯಾರು ಬಳಸುತ್ತಾರೆ, ಎಷ್ಟು ಮನೆಯವರು, ಬಳಸುವಾಗಿನ ಒಂದು ಫೋಟೊ, ಇದು ನಮ್ಮ ದಾನ ಎಂದು ಮಾಲೀಕರ ಸಹಿ. ಅಷ್ಟು ಸಾಕು. ಅವಳು ಇನ್ನೂ ಒಂದು ಮಾತು ಸೇರಿಸಿದಳು: ಇದು ಬಹಳ ಚಂದದ ಕಥೆ, ನಮ್ಮ ವೆಬ್‌ಸೈಟಿಗೂ ಹಾಕಬಹುದು.

ಉಮರಬ್ಬ ಮಗ್ರಿಬ್ ನಮಾಜು ಮುಗಿಸಿ ಬಂದು ಜಗಲಿಯಲ್ಲಿ ಕುಳಿತಿದ್ದರು. ಅವಳು ಎಲ್ಲ ಹೇಳಿದಳು. ಅವರು ಅರ್ಧದಲ್ಲಿ ತಡೆಯಲಿಲ್ಲ.

“ಸಹಿ ಹಾಕುದಿಲ್ಲ” ಎಂದರು.

“ಉಪ್ಪ, ಸುಳ್ಳಿಗೆ ಸಹಿ ಹಾಕ್ಲಿಕ್ಕೆ ಹೇಳುದಲ್ಲ ನಾನು. ನಿಜವನ್ನೇ ಬರೆಯುದು.”

“ನಿಜ ಅಂತ ಗೊತ್ತುಂಟು. ಅದಕ್ಕೇ ಹಾಕುದಿಲ್ಲ.”

“ಒಂದು ಗೆರೆ. ಇಷ್ಟು ಮನೆಗೆ ನೀರು ಕೊಡ್ತೇವೆ ಅಂತ. ಅಷ್ಟೇ.”

“ಅಷ್ಟೇ ಅಲ್ಲ. ಮಣೆ ಮಾರ್ಲಿಕ್ಕೋಸ್ಕರ ನೀರು ಕೊಟ್ಟದ್ದನ್ನು ಬರೆದ್ರೆ, ಕೊಟ್ಟದ್ದು ಮಣೆ ಮಾರ್ಲಿಕ್ಕೆ ಅಂತ ಆಗ್ತದೆ. ನಿನ್ನ ಅಜ್ಜ ಅದನ್ನು ದೇವರ ಹತ್ತಿರ ಬಿಟ್ಟು ಹೋದದ್ದು. ಅದನ್ನು ನಾನು ಹಾಲೆಂಡಿಗೆ ಕಳಿಸುದಾ?”

“ಮತ್ತೆ ಮಣೆಯ ತಲೆಗೆ ಯಾಕೆ ಹಾಕುದು? ಮಣೆ ಎಂತ ತಪ್ಪು ಮಾಡಿದೆ?” ಅವಳ ಸ್ವರ ಏರಿತು. “ಹೇಳಬಾರದು ಅಂತೀರಿ. ಹೇಳದೆ ಇದ್ರೆ ಅದು ಹೊಗೆ ಅಂತ ಬರೆದುಹೋಗ್ತದೆ ಉಪ್ಪ. ಅಜ್ಜನ ನೀರಿಗೆ ಹೊಗೆ ಅಂತ ಹೆಸರು. ಅದು ಆಗಬಹುದಾ?”

ಸೇತುವೆಯ ಮೇಲೆ ಟ್ಯಾಂಕರುಗಳ ಸಾಲು ಗುಡುಗುಡು ಎನ್ನುತ್ತ ದಾಟುವುದು ಕೇಳುತ್ತಿತ್ತು. ಒಳಗಿನಿಂದ ಮುಮ್ತಾಝ್, “ಇಬ್ಬರೂ ಊಟಕ್ಕೆ ಬನ್ನಿ. ಅದಕ್ಕೆ ಯಾರ ಸಹಿಯೂ ಬೇಡ” ಎಂದರು.

ಉಪ್ಪನ ಸಹಿಯೇ ಬೇಕೆಂದಿಲ್ಲ ಎಂದು ಅವಳಿಗೆ ಮಲಗುವ ಮೊದಲೇ ಹೊಳೆದಿತ್ತು. ಕಾರ್ಖಾನೆಯ ಕಾಗದಪತ್ರಗಳಿಗೆಲ್ಲ ಸಹಿ ಹಾಕುವ ಅಧಿಕಾರವನ್ನು ಅವರು ಅವಳಿಗೆ ಬರೆದುಕೊಟ್ಟು ವರ್ಷವಾಗಿತ್ತು. ಬೆಳಿಗ್ಗೆ ಆಫೀಸಿನಲ್ಲಿ ಕುಳಿತು ಎಸ್ತೆರ್ ಕೇಳಿದ ಹಾಗೆ ಟೈಪು ಮಾಡಿದಳು. ಪಂಪಿನ ಅಳತೆಯನ್ನೂ ತೆಗೆದು ಸೇರಿಸಿದಳು. ತನ್ನ ಹೆಸರು ಬರೆದಳು. ಫೋಟೊ ಒಂದು ಬಾಕಿ.

ಮೊಬೈಲ್ ಹಿಡಿದು ಗೋಡೆಯ ಆಚೆಗೆ ಹೋದಳು. ನಳ್ಳಿಗಳ ಎದುರು ಏಳೆಂಟು ಜನ ಹೆಂಗಸರು, ಕೊಡಪಾನಗಳು, ಬಣ್ಣ ಮಾಸಿದ ಬಕೆಟುಗಳು. ಯಾರದ್ದೋ ಮಗಳ ಸೀಮಂತದ ವಿಷಯ ನಡೆಯುತ್ತಿತ್ತು. ಅವಳು ಮೊಬೈಲ್ ಎತ್ತಿದ ಕೂಡಲೇ ಮಾತು ನಿಂತಿತು.

“ಫೋಟೊ ಎಂತಕ್ಕೆ?” ಎಂದಳು ಡುಲ್ಸಿನ್ ಬಾಯಿ, ನೈಟಿಯ ಮೇಲೆ ಹೊದ್ದ ಬೈರಾಸು ಟವೆಲನ್ನು ಸರಿ ಮಾಡಿಕೊಂಡು. “ಪೇಪರಿಗಾ? ಹೇಳುದಲ್ವಾ ಮೊದಲು, ಒಳ್ಳೆ ಸೀರೆ ಉಟ್ಟುಕೊಂಡು ಬರ್ತಿದ್ದೆ.”

“ಪೇಪರಿಗಲ್ಲ ಬಾಯಿ. ಕಾರ್ಖಾನೆಯ ಒಂದು ಲೆಕ್ಕಕ್ಕೆ.”

“ಲೆಕ್ಕಕ್ಕೆ?”

ಡುಲ್ಸಿನ್ ಬಾಯಿ ತನ್ನ ಬಕೆಟುಗಳ ಕಡೆ ನೋಡಿದಳು. ಮುಖದ ನಗು ಇತ್ತು, ಆದರೆ ಸ್ವಲ್ಪ ಹಿಂದೆ ಸರಿದಿತ್ತು. “ಎಷ್ಟು ಕೊಡ ಅಂತ ಬರೀಲಿಕ್ಕುಂಟಾ? ನನ್ನದು ಮೂರು. ನಿನ್ನೆ ಮಲ್ಲಿಗೆ ಗಿಡಕ್ಕೆ ಅಂತ ಒಂದು ಜಾಸ್ತಿ ತಗೊಂಡೆ. ಸತ್ಯ ಹೇಳ್ತೇನೆ.”

“ಅಯ್ಯೋ, ಹಾಗೆ ಅಲ್ಲ ಬಾಯಿ.”

ಸಾಲಿನ ಕೊನೆಯಲ್ಲಿ ಬೀಫಾತಿಮ್ಮ ಇದ್ದರು. ಅಜ್ಜನ ಕಾಲದಲ್ಲಿ ಮೀನಿನ ಪೆಟ್ಟಿಗೆಗೆ ಮೊಳೆ ಹೊಡೆದವರು, ಈಗ ಬೆನ್ನು ಬಾಗಿದವರು. ಅವರು ತಮ್ಮ ಖಾಲಿ ಕೊಡಪಾನವನ್ನು ಮೆಲ್ಲನೆ ಸೊಂಟಕ್ಕೆ ಎತ್ತಿಕೊಂಡರು.

“ನನಗೆ ಇವತ್ತು ಬೇಡ ಮಗಳೇ” ಎಂದರು. “ಮನೆಯಲ್ಲಿ ಉಂಟು.”

ಅವರ ಮನೆಯಲ್ಲಿ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಳ್ಳಿಯಿಂದ ನೀರು ಬೀಳುತ್ತಿತ್ತು. ತುಂಬಿದ ಬಕೆಟಿನಿಂದ ಹೊರಗೆ ಹರಿದು ಅವರ ಚಪ್ಪಲಿಯನ್ನು ಮುಟ್ಟಿತು. ಯಾರೂ ಬಕೆಟ್ ಬದಲಿಸಲಿಲ್ಲ.

ಆಮ್ನಾ ಮೊಬೈಲನ್ನು ಚೂಡಿದಾರದ ಜೇಬಿಗೆ ಹಾಕಿಕೊಂಡಳು. ಬೀಫಾತಿಮ್ಮರ ಸೊಂಟದಿಂದ ಕೊಡಪಾನ ಬಿಡಿಸಿ, ತಾನೇ ನಳ್ಳಿಗೆ ಹಿಡಿದು, ತುಂಬಿಸಿ, ಅವರ ಬಾಗಿಲವರೆಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದಳು. ಅವಳಿಗೆ ಅಜ್ಜನ ಮೇಲೆ ಸಿಟ್ಟು ಬಂತು. ಇಷ್ಟು ಸರಿಯಾದ ಮಾತನ್ನು ಇಷ್ಟು ಉಪಯೋಗವಿಲ್ಲದ ಹಾಗೆ ಹೇಳಿ ಹೋದದ್ದಕ್ಕೆ.

ಟೈಪು ಮಾಡಿದ್ದನ್ನು ಅಳಿಸಿದಳು. ಒಂದು ಕಿಲೋ ನಲವತ್ತು ಗ್ರಾಂ ಎಂದೇ ಕಳಿಸಿದಳು.

ಕಳಿಸಿದ ಮೇಲೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಒಳ್ಳೆಯದು ಮಾಡಿದೆ ಎಂದೂ ಅನಿಸಲಿಲ್ಲ. ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ದಿನವಿಡೀ ಆ ನಲವತ್ತು ಗ್ರಾಂ ನಾಲಗೆಗೆ ತಾಗುತ್ತಿತ್ತು. ಎಸ್ತೆರ್ ಎರಡು ಸಲ ಬರೆದಳು: ನೀರಿನ ವಿಷಯ ಹೇಳಿದ್ದಿರಲ್ಲ, ಕಾಗದ ಯಾಕೆ ಬರಲಿಲ್ಲ? ಆಮ್ನಾ ಉತ್ತರ ಬರೆಯಲು ಕುಳಿತಳು. ನಮ್ಮಲ್ಲಿ ಹೇಳುವ ಕ್ರಮ ಇಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಅದು ಏನನ್ನೋ ಬಚ್ಚಿಡುವ ಹಾಗೆ ಓದಿಸಿಕೊಳ್ಳುತ್ತಿತ್ತು. ಕೊನೆಗೆ, “ಅಂಕೆ ಸರಿಯಾಗಿದೆ” ಎಂದಷ್ಟೇ ಬರೆದಳು.

ಏಪ್ರಿಲಿನಲ್ಲಿ ಕಂಪನಿಯ ತೀರ್ಮಾನ ಬಂತು. ಈ ವರ್ಷ ಮಣೆಗಳನ್ನು ಬೇರೊಬ್ಬರಿಂದ ಕೊಳ್ಳುತ್ತೇವೆ, ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ. ಕೆಳಗೆ ಆಯ್ಕೆಯಾದವರ ಅಂಕೆಯೂ ಇತ್ತು. ಅದನ್ನು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅಣ್ಣ ಫೋನಿನಲ್ಲಿ ಹೇಳಿದ ಸರಾಸರಿ ಅದೇ. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ. ಯಾರದ್ದೂ ಅಲ್ಲದ ಮಣೆ ಗೆದ್ದಿತ್ತು.

ಅವಳು ಅದನ್ನು ಶೀನಪ್ಪರಿಗೆ ತೋರಿಸಿದಳು.

“ಅವರು ಅಳತೆಯೇ ಮಾಡ್ಲಿಲ್ವಾ?”

“ಇಲ್ಲ.”

“ನಾವು ಮಾಡಿದ್ದೇವಲ್ಲ?”

“ಮಾಡಿದ್ದೇವೆ.”

“ಹಾಗಾದ್ರೆ ತಪ್ಪು ನಮ್ಮದೇ” ಎಂದು ಅವರು ನಕ್ಕರು. ನಗು ಮಧ್ಯದಲ್ಲೇ ನಿಂತಿತು. ಹೆಂಗಸರು ಕೆಲಸ ಮಾಡುವ ಕಡೆಗೆ ಒಮ್ಮೆ ನೋಡಿ, “ಜೂನಿಗೆ ಎಷ್ಟು ದಿನ ಉಂಟು?” ಎಂದು ಕೇಳಿದರು.

ಆ ಸಂಜೆ ಉಪ್ಪನ ಎದುರು ಕುಳಿತಾಗ ಅವಳು ಅಳಲಿಲ್ಲ. ಕೂಗಲೂ ಇಲ್ಲ. ಹೇಳಬೇಕಾದದ್ದನ್ನು ಇಡೀ ಮಧ್ಯಾಹ್ನ ಬಾಯಲ್ಲಿ ಉರುಳಿಸಿ ನುಣುಪು ಮಾಡಿಕೊಂಡಿದ್ದಳು.

“ಆರ್ಡರ್ ಹೋಯ್ತು. ನೀವು ಹೇಳಿದ ಹಾಗೆ ಮಾಡಿ, ನಾನು ಬೇಡ ಅನ್ನುದಿಲ್ಲ. ಆದ್ರೆ ಒಂದು ಕೇಳ್ತೇನೆ. ನೀರಿಗೆ ನಾನು ಮೀಟರ್ ಹಾಕುದಿಲ್ಲ. ಅದನ್ನು ಬರೆಯುದೂ ಇಲ್ಲ. ಮೆಷಿನುಗಳಿಗೆ ಬೇರೆ ಮೀಟರ್ ಹಾಕ್ತೇನೆ. ಮೆಷಿನ್ ಎಷ್ಟು ತಿಂದದ್ದು ಅಂತ ಮೆಷಿನೇ ಹೇಳಲಿ. ಉಳಿದದ್ದು ಯಾರದ್ದು ಅಂತ ಆಗ ಯಾರೂ ಕೇಳ್ಲಿಕ್ಕಿಲ್ಲ.”

“ಅದನ್ನು ಮೊದಲೇ ಹಾಕಬಹುದಿತ್ತಲ್ಲ?”

“ಹನ್ನೆರಡು ತಿಂಗಳ ಅಳತೆ ಬೇಕು ಅವರಿಗೆ. ನನಗೆ ವಿಷಯ ಗೊತ್ತಾಗುವಾಗ ಮಾರ್ಚ್. ಮನೆಯಲ್ಲಿ ಒಂದು ಸಲ ಆದ್ರೂ ಪಂಪು ಅಂತ ಯಾರಾದ್ರೂ ಹೇಳಿದ್ರೆ ಮೊದಲೇ ಗೊತ್ತಾಗ್ತಿತ್ತು.”

ಉಮರಬ್ಬ ಮಗಳ ಮುಖ ನೋಡಿದರು. ಅವರಿಗೆ ಆ ಮಾತು ತಾಗಿತ್ತು. ತಾಗಲಿ ಎಂದೇ ಅವಳು ಹೇಳಿದ್ದಳು.

“ಎದುರಿನ ಅರ್ಧ ಕೊರಿಯರಿನವರಿಗೆ” ಎಂದರು ಕೊನೆಗೆ. “ಹಿಂದಿನ ಅರ್ಧ ನಿನಗೆ. ಒಂದು ವರ್ಷ. ಕಂಕನಾಡಿಯ ಆರ್ಡರಿನಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಬಹುದೋ ನೋಡು. ಮೀಟರ್ ಹಾಕು.”

ಎಲ್ಲರನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ಸ್ಯಾಂಡಿಂಗಿನ ಹೆಂಗಸರಲ್ಲಿ ಅರ್ಧ ಜನ ಮಳೆ ಸುರುವಾಗುವ ಮೊದಲೇ ಬೇರೆ ಕಡೆ ಹೋದರು. ಹೋಗುವ ದಿನ ಒಬ್ಬಳು ಫ್ಯಾನಿನ ಸ್ವಿಚ್ಚು ತೋರಿಸಿ, “ಇನ್ನು ಇದನ್ನು ಯಾರೂ ಹಾಕ್ಲಿಕ್ಕಿಲ್ಲ ಆಮ್ನಕ್ಕ, ನಿಮ್ಮ ಲೆಕ್ಕಕ್ಕೆ ಒಳ್ಳೇದಾಯ್ತು” ಎಂದಳು. ಕುಹಕವಿಲ್ಲದೆ, ತಮಾಷೆಗೇ ಹೇಳಿದ್ದು. ಆಮ್ನಾಳಿಗೆ ಅದು ಈಗಲೂ ನೆನಪಿದೆ.

ಶೆಡ್ಡಿನ ನಡುವೆ ತಗಡಿನ ಗೋಡೆ ಎದ್ದಿತು. ಗಾಜಿನ ಹಂಚು ಎದುರಿನ ಅರ್ಧಕ್ಕೆ ಹೋದದ್ದರಿಂದ ಬಿಸಿಲಿನ ಕಂಬವೂ ಆ ಕಡೆಗೆ ಹೋಯಿತು. ಈಗ ಅದು ಪಾರ್ಸೆಲ್ಲುಗಳ ರಾಶಿಯ ಮೇಲೆ ನಿಲ್ಲುತ್ತದೆ. ಹೊಸ ಮೀಟರು ಅವಳ ಮೇಜಿನ ಎದುರಿನ ಗೋಡೆಯಲ್ಲಿದೆ. ಮೆಷಿನು ಓಡಿದಾಗ ಅದರ ಕೆಂಪು ದೀಪ ಮಿನುಗುತ್ತದೆ, ನಿಂತಾಗ ಸುಮ್ಮನಿರುತ್ತದೆ. ಅವಳು ದಿನವೂ ಬರೆದುಕೊಳ್ಳುತ್ತಾಳೆ. ಕಂಪನಿಯ ವೆಬ್‌ಸೈಟಿನಲ್ಲಿ, ಲೆಕ್ಕ ಕಳಿಸಿದವರ ಪಟ್ಟಿಯಲ್ಲಿ, ಅವರ ಕಾರ್ಖಾನೆಯ ಹೆಸರಿನ ಎದುರು ಇನ್ನೂ ಹಳೆಯ ಅಂಕೆಯೇ ಇದೆ. ಒಂದು ವರ್ಷ ಅದು ಹಾಗೆಯೇ ಇರುತ್ತದೆ.

ಬೆಳಿಗ್ಗೆ ಬಂದವಳು ಮೊದಲು ಹಿಂದಿನ ಸ್ವಿಚ್ಚು ಹಾಕುತ್ತಾಳೆ. ಗೋಡೆಯ ಆಚೆ ಕೊಡಪಾನಗಳ ಸದ್ದು ಏಳುತ್ತದೆ. ಈಗ ಅದರ ಜೊತೆಗೆ ಹೊಸ ಸ್ವರಗಳೂ ಇವೆ: ಕೊರಿಯರಿನ ಲಾರಿಗಳ ಡ್ರೈವರುಗಳು. ಸೇತುವೆ ದಾಟಿ ಬಂದವರು ಮುಖ ತೊಳೆದು, ಕ್ಯಾನು ತುಂಬಿಸಿಕೊಂಡು, “ಒಳ್ಳೆ ಸಿಹಿ ನೀರು ಮಾರಾಯ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೋಗುತ್ತಾರೆ.

ಅವರ ಪಾರ್ಸೆಲ್ಲುಗಳ ಲೆಕ್ಕದಲ್ಲೂ ಆ ನೀರು ಇರಲಿಕ್ಕಿಲ್ಲ. ಆಮ್ನಾ ಅದನ್ನು ಯಾರಿಗೂ ಹೇಳಲು ಹೋಗಲಿಲ್ಲ.